ಖುಲ್ದ್ ಅರಮನೆ ಮತ್ತು ಝುಬೈದಾರ ಕಾಲುವೆ: ಅಮರತ್ವದ ಆಸೆಯ ಬಗ್ಗೆ ಒಂದಿಷ್ಟು

ನಮ್ಮ ಊರುಗಳ ಹಳೆಯ ಮಸೀದಿಗೆ ಹೋದಾಗ ನಮಾಝ್ ಮುಗಿಸಿ ಗೋಡೆಗೊರಗಿ ಕುಳಿತು ಸುತ್ತ ಕಣ್ಣಾಡಿಸಿ ನೋಡಿ. ಫ್ಯಾನಿನ ಎಲೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಹೆಸರಿರುತ್ತದೆ. ಗೋಡೆ ಗಡಿಯಾರದ ಗಾಜಿನ ಮೇಲೆ ಇನ್ನೊಂದು ಹೆಸರು. ಕುರ್‌ಆನ್ ಪ್ರತಿಗಳ ಮೊದಲ ಪುಟದಲ್ಲಿ, ಹೌಳಿನ ಬಳಿಯ ನಲ್ಲಿಯ ಮೇಲೆ, ಮಯ್ಯಿತ್ ಹೊರುವ ಮಂಚದ ಕಾಲಿನ ಮೇಲೂ ಯಾರದೋ ಹೆಸರು. ಹೆಚ್ಚಿನವರು ಮೌತಾಗಿ ಎಷ್ಟೋ ವರ್ಷಗಳಾಗಿವೆ. ಅವರ ಮೊಮ್ಮಕ್ಕಳ ಪೈಕಿ ಅರ್ಧದಷ್ಟು ಜನ ಗಲ್ಫಿನಲ್ಲಿದ್ದಾರೆ. ಆದರೂ ಫ್ಯಾನ್ ತಿರುಗುತ್ತಿದೆ.

ಒಮ್ಮೆ ಒಬ್ಬ ಹುಡುಗ ಇದನ್ನು ನೋಡಿ ಕೇಳಿದ: "ಸಾಯುವುದು ಗೊತ್ತಿದ್ದರೂ ಮನುಷ್ಯರಿಗೆ ಇಲ್ಲಿ ಉಳಿಯಬೇಕು ಎಂದು ಇಷ್ಟೊಂದು ಆಸೆ ಯಾಕೆ? ಇದು ತಪ್ಪಲ್ವಾ?"

ಸಣ್ಣ ಪ್ರಶ್ನೆಯಲ್ಲ ಇದು. ಇಸ್ಲಾಮಿನ ಚಿಂತನೆಯಲ್ಲಿ ಮನುಷ್ಯನ ಕಥೆ ಶುರುವಾಗುವುದೇ ಈ ಪ್ರಶ್ನೆಯಿಂದ.

ಮೊದಲ ಆಮಿಷ

ಆದಂ(ಅ) ಮತ್ತು ಹವ್ವಾ(ಅ) ಅವರನ್ನು ಇಬ್ಲೀಸ್ ಯಾವ ಆಸೆ ತೋರಿಸಿ ಮೋಸ ಮಾಡಿದ? ಹಣ್ಣಿನ ರುಚಿ ತೋರಿಸಿ ಅಲ್ಲ. ಸೂರಃ ತ್ವಾಹಾದಲ್ಲಿ ಇಬ್ಲೀಸನು ಆ ಮರವನ್ನು ಶಾಶ್ವತತೆಯ ಮರ ಎಂದೇ ಕರೆಯುತ್ತಾನೆ, ಎಂದೂ ಸವೆಯದ ಒಡೆತನವನ್ನೂ ಅದರ ಜೊತೆಗೆ ಸೇರಿಸುತ್ತಾನೆ. ಅಲ್ಲಾಹನು ಆ ಮರಕ್ಕೆ ಅಂಥ ಹೆಸರು ಕೊಟ್ಟಿರಲಿಲ್ಲ, ಹತ್ತಿರ ಹೋಗಬೇಡಿ ಎಂದಷ್ಟೇ ಹೇಳಿದ್ದ. 'ಖುಲ್ದ್' ಅಂದರೆ ಶಾಶ್ವತತೆ ಎಂಬ ಹೆಸರಿನ ಹಣೆಪಟ್ಟಿ ಅಂಟಿಸಿದ್ದು ಇಬ್ಲೀಸ್. ಮನುಷ್ಯನಿಗೆ ಮಾರಾಟವಾದ ಮೊದಲ ಸುಳ್ಳು ಸರಕು ಅಮರತ್ವ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಲೋಕಾಂತ್ಯದವರೆಗೆ ಆಯುಷ್ಯ ಬೇಕೆಂದು ಬಾಯಿಬಿಟ್ಟು ಕೇಳಿ ಅವಧಿ ಪಡೆದವನು ಕುರ್‌ಆನಿನಲ್ಲಿ ಯಾರು? ಅದೂ ಇಬ್ಲೀಸನೇ. ಸಾವಿರಾರು ವರ್ಷಗಳ ಆಯುಷ್ಯ ಅವನನ್ನು ಒಂದಿಷ್ಟೂ ಉತ್ತಮನನ್ನಾಗಿ ಮಾಡಲಿಲ್ಲ. ದೀರ್ಘಾಯುಷ್ಯ ತಾನೇ ತಾನಾಗಿ ಬರ್ಕತ್ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗೆಂದು ಬದುಕಬೇಕೆಂಬ ಆಸೆಯನ್ನೇ ಇಸ್ಲಾಮ್ ಪಾಪ ಎನ್ನುತ್ತದೆಯೇ? ಇಲ್ಲ. ತಿರ್ಮಿದಿಯವರ ಸಂಗ್ರಹದ ಒಂದು ಹದೀಸಿನಲ್ಲಿ ಆದಂ(ಅ) ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಮುಂದೆ ಹುಟ್ಟಲಿರುವ ದಾವೂದ್(ಅ) ಅವರಿಗೆ ದಾನ ಮಾಡಿದ ಪ್ರಸಂಗವಿದೆ. ಮರಣದ ಮಲಕ್ ಬಂದಾಗ ಆದಂ(ಅ) ತಮಗೆ ಇನ್ನೂ ನಲವತ್ತು ವರ್ಷ ಬಾಕಿ ಇದೆ ಎಂದುಬಿಡುತ್ತಾರೆ. ಕೊಟ್ಟದ್ದು ಮರೆತುಹೋಗಿತ್ತು. ಅವರು ಮರೆತರು, ಅವರ ಸಂತತಿಯೂ ಮರೆಯಿತು ಎಂದು ಹದೀಸ್ ಹೇಳುತ್ತದೆ. ನಮ್ಮೆಲ್ಲರ ಉಪ್ಪ ಆದ ಆದಂ(ಅ) ಅವರಿಗೇ ಕೊನೆಯ ಗಳಿಗೆಯಲ್ಲಿ ಇನ್ನಷ್ಟು ದಿನ ಬೇಕೆನಿಸಿತ್ತು.

ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಮೂಸಾ(ಅ) ಅವರ ಪ್ರಸಂಗ ಇನ್ನೂ ನೇರವಾದದ್ದು. ಪ್ರಾಣ ತೆಗೆಯಲು ಬಂದ ಮಲಕ್‌ಗೆ ಮೂಸಾ(ಅ) ಹೊಡೆದೇಬಿಡುತ್ತಾರೆ. ಮಲಕ್ ಹಿಂತಿರುಗಿ ದೂರು ಹೇಳುತ್ತಾರೆ. ಆಗ ಬಂದ ಆಜ್ಞೆ ಹೀಗೆ: ಒಂದು ಎತ್ತಿನ ಬೆನ್ನ ಮೇಲೆ ಕೈ ಇಡಲಿ, ಅಂಗೈ ಕೆಳಗೆ ಎಷ್ಟು ಕೂದಲು ಬರುತ್ತದೋ ಅಷ್ಟು ವರ್ಷ ಬದುಕಲಿ. ಮೂಸಾ(ಅ) ಕೇಳಿದ್ದು ಒಂದೇ ಪ್ರಶ್ನೆ, ಅದಾದ ಮೇಲೆ ಏನು? ಮರಣ ಎಂಬ ಉತ್ತರ ಬಂತು. ಹಾಗಾದರೆ ಈಗಲೇ ಆಗಲಿ ಎಂದರು.

ಆಸ್ಪತ್ರೆಯ ಐಸಿಯು ಹೊರಗೆ ಕುಳಿತು ಇನ್ನೊಂದು ವಾರ, ಇನ್ನೊಂದು ತಿಂಗಳು ಎಂದು ದುಆ ಮಾಡಿದವರಿಗೆ ಈ ಪ್ರಸಂಗದ ಎರಡೂ ಅರ್ಧ ಗೊತ್ತಿರುತ್ತದೆ. ಹೊಡೆದ ಕೈಯೂ ಗೊತ್ತು, ಒಪ್ಪಿದ ಮನಸ್ಸೂ ಗೊತ್ತು.

ಮದೀನಾದ ಆ ಸೋಮವಾರ

ಇತಿಹಾಸದಲ್ಲಿ ಈ ಆಸೆ ಅತಿ ತೀವ್ರವಾಗಿ ಕಾಣಿಸಿದ್ದು ಹಿಜರಿ 11ರಲ್ಲಿ, ಅಂದರೆ 632ರಲ್ಲಿ, ಪ್ರವಾದಿ(ಸ) ಅವರ ವಫಾತಿನ ದಿನ. ಉಮರ್(ರ) ಅವರಂಥ ಗಟ್ಟಿ ಮನಸ್ಸಿನವರಿಗೇ ಅದನ್ನು ನಂಬಲಾಗಲಿಲ್ಲ. ಮೂಸಾ(ಅ) ನಲವತ್ತು ರಾತ್ರಿ ತಮ್ಮ ಜನರಿಂದ ದೂರ ಹೋಗಿ ಮರಳಿದಂತೆ ಪ್ರವಾದಿ(ಸ) ಅವರೂ ಮರಳುವರು, ಅವರು ತೀರಿಕೊಂಡರೆಂದು ಯಾರೂ ಹೇಳಬಾರದು ಎಂದು ಮಸೀದಿಯಲ್ಲಿ ನಿಂತು ಗದರಿದರು.

ಅಬೂಬಕ್ಕರ್(ರ) ಸುನ್ಹ್ ಎಂಬಲ್ಲಿದ್ದರು. ಸುದ್ದಿ ಕೇಳಿ ಬಂದವರು ಮೊದಲು ಆಯಿಶಾ(ರ) ಅವರ ಕೋಣೆಗೆ ಹೋಗಿ, ಹೊದಿಕೆ ಸರಿಸಿ, ಪ್ರವಾದಿ(ಸ) ಅವರಿಗೆ ಮುತ್ತಿಟ್ಟು ಅತ್ತರು. ಆಮೇಲೆ ಹೊರಗೆ ಬಂದು ಜನರ ಮುಂದೆ ಮಾತಾಡಿದರು. ಆರಾಧಿಸಬೇಕಾದ್ದು ಅಲ್ಲಾಹನನ್ನು, ಅವನಿಗೆ ಮರಣವಿಲ್ಲ, ಮುಹಮ್ಮದರು(ಸ) ತೀರಿಕೊಂಡಿದ್ದಾರೆ ಎಂಬುದು ಅವರ ಮಾತಿನ ತಿರುಳು. ಜೊತೆಗೆ ಪ್ರವಾದಿಯವರು ಒಬ್ಬ ದೂತರೇ ಆಗಿದ್ದಾರೆ, ಅವರಿಗಿಂತ ಮೊದಲೂ ದೂತರು ಕಳೆದುಹೋಗಿದ್ದಾರೆ ಎಂಬ ಆಲು ಇಮ್ರಾನ್ ಸೂರಃದ ಆಯತನ್ನು ಓದಿದರು. ಆ ಆಯತನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲವೇನೋ ಎಂಬಂತೆ ಜನರಿಗೆ ಅನಿಸಿತಂತೆ. ಉಮರ್(ರ) ಅವರ ಕಾಲು ಕುಸಿಯಿತು.

ಪ್ರೀತಿಯಿಂದ ಹುಟ್ಟಿದ ಅಮರತ್ವದ ಆಸೆ ಅದು. ಅಬೂಬಕ್ಕರ್(ರ) ಆ ಪ್ರೀತಿಯನ್ನು ಬೈಯಲಿಲ್ಲ. ತಾವೂ ಅತ್ತವರೇ. ಆದರೆ ಸಮುದಾಯ ಸುಳ್ಳಿನ ಮೇಲೆ ನಿಲ್ಲಲು ಬಿಡಲಿಲ್ಲ.

ಖಿಳ್ರ್ ನೆಬಿಯ ಚಿಲುಮೆ

ಜನರ ಆಸೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸೂರಃ ಕಹ್‌ಫಿನಲ್ಲಿ ಮೂಸಾ(ಅ) ಅವರು ಭೇಟಿಯಾಗುವ ಜ್ಞಾನಿಯ ಹೆಸರನ್ನು ಕುರ್‌ಆನ್ ಹೇಳುವುದಿಲ್ಲ. ಹದೀಸಿನಲ್ಲಿ ಅವರು ಖಿಳ್ರ್(ಅ). ಬರಡು ನೆಲದ ಮೇಲೆ ಅವರು ಕುಳಿತರೆ ಅದು ಹಸುರಾಗುತ್ತಿತ್ತು, ಅದಕ್ಕೇ ಆ ಹೆಸರು. ಅವರ ಕಥೆಗೆ ಮುಂದೆ ಸಿಕಂದರನ ಕಥೆ ಸೇರಿಕೊಂಡಿತು. ಫಿರ್ದೌಸಿ 1010ರಲ್ಲಿ ಮುಗಿಸಿದ ಶಾಹ್‌ನಾಮಾದಲ್ಲೂ, 12ನೇ ಶತಮಾನದ ಕೊನೆಗೆ ನಿಝಾಮಿ ಬರೆದ ಸಿಕಂದರನಾಮಾದಲ್ಲೂ ಕಥೆಯ ಎಳೆ ಒಂದೇ. ಲೋಕ ಗೆದ್ದ ಸಿಕಂದರ್ ಜೀವಜಲ ಹುಡುಕುತ್ತಾ ಕತ್ತಲ ನಾಡಿಗೆ ಹೋಗುತ್ತಾನೆ. ದಾರಿ ತೋರಿಸಲು ಹೋದ ಖಿಳ್ರ್ ಅವರಿಗೆ ಚಿಲುಮೆ ಸಿಗುತ್ತದೆ, ಸೈನ್ಯ ಕಟ್ಟಿಕೊಂಡು ಹೋದ ರಾಜನಿಗೆ ಸಿಗುವುದಿಲ್ಲ. ಇತಿಹಾಸದ ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಬಾಬಿಲ್ ನಗರದಲ್ಲಿ, 32ನೇ ವಯಸ್ಸಿನಲ್ಲೇ ತೀರಿಕೊಂಡ.

ಖಿಳ್ರ್(ಅ) ಇಂದಿಗೂ ಜೀವಂತ ಇದ್ದಾರೆಯೇ ಎಂಬುದು ಉಲಮಾಗಳ ನಡುವೆ ಶತಮಾನಗಳ ಕಾಲ ಚರ್ಚೆಯಾದ ವಿಷಯ. 13ನೇ ಶತಮಾನದ ಇಮಾಂ ನವವಿಯವರು ಬಹುಪಾಲು ಉಲಮಾಗಳ ಅಭಿಪ್ರಾಯ ಅವರು ಜೀವಂತ ಎಂಬುದೇ ಎಂದು ಬರೆದರು. ಅವರಿಗಿಂತ ಮೊದಲು ಬಗ್ದಾದಿನ ಇಬ್ನುಲ್ ಜೌಝಿ ಅದನ್ನು ಒಪ್ಪಿರಲಿಲ್ಲ. ಪ್ರವಾದಿ(ಸ) ಅವರಿಗಿಂತ ಮೊದಲು ಯಾವ ಮನುಷ್ಯನಿಗೂ ಶಾಶ್ವತತೆ ಕೊಟ್ಟಿಲ್ಲ ಎಂಬ ಸೂರಃ ಅಂಬಿಯಾದ ಆಯತನ್ನೂ, ಈ ರಾತ್ರಿ ಭೂಮಿಯ ಮೇಲಿರುವವರಲ್ಲಿ ಯಾರೂ ನೂರು ವರ್ಷದ ಬಳಿಕ ಉಳಿಯುವುದಿಲ್ಲ ಎಂಬ ಅರ್ಥದ ಹದೀಸನ್ನೂ ಆ ಕಡೆಯವರು ಮುಂದಿಡುತ್ತಾರೆ. ನಮ್ಮ ಮನೆಗಳಲ್ಲಿ ಈ ಎರಡೂ ಅಭಿಪ್ರಾಯದವರು ಒಂದೇ ಬಟ್ಟಲಿನಿಂದ ಊಟ ಮಾಡುತ್ತಾರೆ. ಎರಡೂ ಕಡೆಯವರು ಒಪ್ಪುವ ಮಾತೊಂದಿದೆ. ಖಿಳ್ರ್(ಅ) ಬದುಕಿದ್ದರೂ ಅದು ಲೋಕಾಂತ್ಯದ ತನಕದ ದೀರ್ಘಾಯುಷ್ಯ ಮಾತ್ರ. ಎಂದೂ ಸಾಯದವನು ಅಲ್ಲಾಹನೊಬ್ಬನೇ.

ವೈದ್ಯರು ಹೇಳಿದ್ದು

ಚಿಲುಮೆ ಹುಡುಕದವರು ಮದ್ದು ಹುಡುಕಿದರು. ಇಂಗ್ಲಿಷಿನ ಎಲಿಕ್ಸಿರ್ ಎಂಬ ಪದ ಅರಬಿಯ 'ಅಲ್ ಇಕ್ಸೀರ್'ನಿಂದ ಬಂದದ್ದು. ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನಲ್ಲಿ ಉಳಿದ ಗ್ರಂಥಗಳಲ್ಲಿ ಇಕ್ಸೀರ್ ಎಂದರೆ ಕೀಳು ಲೋಹವನ್ನು ಚಿನ್ನ ಮಾಡುವ ವಸ್ತು, ರೋಗಿಯನ್ನು ಗುಣ ಮಾಡುವ ವಸ್ತು.

ಆದರೆ ದೊಡ್ಡ ವೈದ್ಯ ಇಬ್ನ್ ಸೀನಾ ಈ ದಾರಿ ಹಿಡಿಯಲಿಲ್ಲ. ಲೋಹ ಬದಲಾಗುತ್ತದೆ ಎಂಬುದನ್ನೂ ಅವರು ನಂಬಲಿಲ್ಲ. ಅವರ ವೈದ್ಯಗ್ರಂಥ 'ಅಲ್ ಕಾನೂನ್' ಪ್ರಕಾರ ಹುಟ್ಟುವಾಗಲೇ ದೇಹದಲ್ಲಿ ಒಂದು ಮೂಲ ತೇವವಿದೆ, ಅದನ್ನು ಉರಿಸುವ ಸಹಜ ಶಾಖವಿದೆ, ದೀಪದ ಎಣ್ಣೆ ಮತ್ತು ಬೆಂಕಿಯ ಹಾಗೆ. ಎಣ್ಣೆ ಮುಗಿದಾಗ ದೀಪ ಆರುತ್ತದೆ. ವೈದ್ಯವಿದ್ಯೆ ಮರಣದಿಂದ ಪಾರು ಮಾಡುವ ಖಾತ್ರಿ ಕೊಡುವುದಿಲ್ಲ, ಪ್ರತಿಯೊಂದು ದೇಹವೂ ತನಗೆ ಸಾಧ್ಯವಿರುವ ಆಯುಷ್ಯದ ಕೊನೆ ಮುಟ್ಟುವಂತೆ ನೋಡಿಕೊಳ್ಳುವುದೇ ಅದರ ಕೆಲಸ ಎಂದು ಅವರು ಸ್ಪಷ್ಟವಾಗಿ ಬರೆದರು. 1037ರಲ್ಲಿ ಹಮದಾನಿನಲ್ಲಿ ತಮ್ಮದೇ ಕಾಯಿಲೆ ಕೈಮೀರಿದಾಗ ಅವರು ಚಿಕಿತ್ಸೆ ನಿಲ್ಲಿಸಿದರು. ದೇಹವನ್ನು ನಡೆಸುತ್ತಿದ್ದ ಮೇಲ್ವಿಚಾರಕನೇ ಸೋತಿದ್ದಾನೆ, ಇನ್ನು ಮದ್ದಿನಿಂದ ಪ್ರಯೋಜನವಿಲ್ಲ ಎಂಬರ್ಥದ ಮಾತು ಹೇಳಿದರೆಂದು ದಾಖಲಾಗಿದೆ.

ಆತ್ಮ ಉಳಿಯುತ್ತದೆ ಎಂಬುದನ್ನು ಇಬ್ನ್ ಸೀನಾ ತರ್ಕದಿಂದ ಸಾಧಿಸಲು ಹೊರಟರು. ಇಮಾಂ ಗಝ್ಝಾಲಿಯವರ ಜಗಳ ಇದ್ದದ್ದು ಇಲ್ಲೇ. 1095ರ ಹೊತ್ತಿಗೆ ಬರೆದ 'ತಹಾಫುತುಲ್ ಫಲಾಸಿಫಾ'ದಲ್ಲಿ ಅವರು ದಾರ್ಶನಿಕರ ಇಪ್ಪತ್ತು ವಾದಗಳನ್ನು ಪರೀಕ್ಷಿಸಿದರು. ಮೂರನ್ನು ಕುಫ್ರ್ ಎಂದರು. ಅವುಗಳಲ್ಲಿ ಒಂದು, ದೇಹಕ್ಕೆ ಪುನರುತ್ಥಾನವಿಲ್ಲ, ಆತ್ಮಕ್ಕೆ ಮಾತ್ರ ಉಳಿವು ಎಂಬ ವಾದ. ಸುಮಾರು ಒಂದು ಶತಮಾನದ ಬಳಿಕ ಕೊರ್ದೊಬಾದ ಇಬ್ನ್ ರುಶ್ದ್ ಅದಕ್ಕೆ ಉತ್ತರ ಬರೆದರು.

ಇದು ಪಂಡಿತರ ಜಗಳ, ನಮಗೇನು ಎನಿಸಬಹುದು. ಆದರೆ ಉಮ್ಮನನ್ನು ಕಳಕೊಂಡವರು ಯೋಚಿಸಿ ನೋಡಲಿ. ನಾಳೆ ಸ್ವರ್ಗದಲ್ಲಿ ಯಾವುದೋ ಮುಖವಿಲ್ಲದ ಆತ್ಮವನ್ನು ಕಾಣುವುದು ಸಾಕೇ, ಅಥವಾ ತಲೆ ಸವರಿದ ಆ ಕೈಯನ್ನೇ ಕಾಣಬೇಕೇ? ಮಣ್ಣಾದ ಎಲುಬನ್ನು ಮತ್ತೆ ಜೋಡಿಸುವ ಮಾತನ್ನು ಕುರ್‌ಆನ್ ಅಷ್ಟು ಸಲ ಹೇಳುವುದಕ್ಕೆ ಗಝ್ಝಾಲಿ ಅಂಟಿಕೊಂಡದ್ದು ಸುಮ್ಮನೆ ಹಟಕ್ಕಲ್ಲ. ಅದೇ ಗಝ್ಝಾಲಿ ತಮ್ಮ 'ಇಹ್ಯಾ'ದ ನಲವತ್ತು ಭಾಗಗಳಲ್ಲಿ ಕೊನೆಯದನ್ನು ಮರಣದ ಸ್ಮರಣೆಗೆ ಮೀಸಲಿಟ್ಟರು. ಅಲ್ಲಿ ಅವರು ಎಚ್ಚರಿಸುವುದು 'ತೂಲುಲ್ ಅಮಲ್' ಬಗ್ಗೆ, ಅಂದರೆ ಉದ್ದುದ್ದ ಆಸೆಯ ಬಗ್ಗೆ. ನಾಳೆ ಇದ್ದೇ ಇದೆ ಎಂದು ತೌಬಾವನ್ನು, ಸಾಲ ತೀರಿಸುವುದನ್ನು, ಮುನಿಸಿಕೊಂಡವರ ಮನೆ ಮೆಟ್ಟಿಲು ಹತ್ತುವುದನ್ನು ಮುಂದೂಡುವ ಆಸೆ ಅದು.

ಅಜ್ಜ ಕಟ್ಟಿದ ಅರಮನೆ

ಈಗ ಬಗ್ದಾದಿಗೆ ಬರೋಣ. ಅಬ್ಬಾಸಿ ಖಲೀಫಾ ಮನ್ಸೂರ್ 762ರಲ್ಲಿ ಆ ನಗರ ಕಟ್ಟಲು ಶುರು ಮಾಡಿದರು. ಕೆಲವು ವರ್ಷಗಳ ಬಳಿಕ, ನಗರದ ಕೋಟೆಯ ಹೊರಗೆ ದಜ್ಲಾ ನದಿಯ ದಡದಲ್ಲಿ ಒಂದು ಹೊಸ ಅರಮನೆ ಕಟ್ಟಿದರು. ಅದಕ್ಕೆ ಇಟ್ಟ ಹೆಸರು 'ಕಸ್ರುಲ್ ಖುಲ್ದ್', ಶಾಶ್ವತತೆಯ ಅರಮನೆ. ಚೆಲುವಿನಲ್ಲಿ ಸ್ವರ್ಗಕ್ಕೆ ಹೋಲುತ್ತದೆ ಎಂದು ಆ ಹೆಸರು. ಆದ್ ಜನಾಂಗದವರಿಗೆ ಹೂದ್(ಅ) ಕೇಳಿದ ಪ್ರಶ್ನೆ ಸೂರಃ ಶುಅರಾದಲ್ಲಿದೆ. ಶಾಶ್ವತವಾಗಿ ಇರುವವರಂತೆ ಈ ಕೋಟೆಗಳನ್ನು ಕಟ್ಟುತ್ತೀರಾ ಎಂಬ ಪ್ರಶ್ನೆ ಅದು. ಖಲೀಫಾರಿಗೆ ಆ ಆಯತ್ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಮರೆಯುವುದು ನಮ್ಮ ರೂಢಿ.

775ರಲ್ಲಿ ಹಜ್‌ಗೆ ಹೊರಟ ಮನ್ಸೂರ್ ಮಕ್ಕಾ ತಲುಪುವ ಮೊದಲೇ ತೀರಿಕೊಂಡರು. ಅರಮನೆಯಲ್ಲಿ ಅವರು ಇದ್ದದ್ದು ಬಹಳ ಕಡಿಮೆ ಸಮಯ. ಮುಂದೆ ಹಾರೂನ್ ರಶೀದ್ ಅದೇ ಖುಲ್ದ್‌ನಲ್ಲಿ ವಾಸವಾಗಿದ್ದರು. ಹಾರೂನರ ನಂತರ ಅವರ ಮಕ್ಕಳಾದ ಅಮೀನ್ ಮತ್ತು ಮಅಮೂನ್ ನಡುವೆ ಯುದ್ಧವಾಯಿತು. 812ರಿಂದ 813ರವರೆಗೆ ಬಗ್ದಾದಿಗೆ ಮುತ್ತಿಗೆ ಬಿತ್ತು, ಖುಲ್ದ್ ಅರಮನೆಯ ಮೇಲೆ ಕಲ್ಲಿನ ಮಳೆ ಸುರಿಯಿತು. ಅಮೀನ್ ಅಲ್ಲಿಂದ ಓಡಬೇಕಾಯಿತು, ಕೊನೆಗೆ ಕೊಲೆಯಾದರು. ಶಾಶ್ವತತೆಯ ಅರಮನೆಯ ವೈಭವದ ಆಯುಷ್ಯ ಸುಮಾರು ನಲವತ್ತು ವರ್ಷ.

ಅದರ ಪಾಳು ಜಾಗದಲ್ಲಿ ಮುಂದೆ ಎದ್ದದ್ದು ಆಸ್ಪತ್ರೆ. ಬುವೈಹಿ ಅರಸ ಅದುದುದ್ದೌಲಾ ಕಟ್ಟಿಸಿದ ಆ ಬೀಮಾರಿಸ್ತಾನ್ 982ರಲ್ಲಿ ತೆರೆಯಿತು. ಮರುವರ್ಷವೇ ಆ ಅರಸ ತೀರಿಕೊಂಡ. ಆಸ್ಪತ್ರೆ ಮಾತ್ರ ಶತಮಾನಗಳ ಕಾಲ ನಡೆಯಿತು.

ಮೊಮ್ಮಗಳು ತಂದ ನೀರು

ಅಮೀನರ ತಾಯಿ ಝುಬೈದಾ. ಖುಲ್ದ್ ಕಟ್ಟಿಸಿದ ಮನ್ಸೂರ್ ಅವರ ಮೊಮ್ಮಗಳು, ಹಾರೂನ್ ರಶೀದರ ಮಡದಿ. ಝುಬೈದಾ ಎಂಬ ಹೆಸರೂ ಅಜ್ಜ ಮುದ್ದಿನಿಂದ ಕರೆದದ್ದು, ಬೆಣ್ಣೆಯ ಮುದ್ದೆ ಎಂಬ ಅರ್ಥದಲ್ಲಿ.

ಹಜ್‌ಗೆ ಹೋದಾಗ ಮಕ್ಕಾದಲ್ಲಿ ಹಾಜಿಗಳು ನೀರಿಗಾಗಿ ಪಡುವ ಪಾಡನ್ನು ಅವರು ಕಣ್ಣಾರೆ ಕಂಡರು. ದೂರದ ಹುನೈನ್ ಕಡೆಯ ಬುಗ್ಗೆಯಿಂದ ಬೆಟ್ಟಗಳ ನಡುವೆ ಕಲ್ಲು ಕಡಿದು ಕಾಲುವೆ ತರಲು ಆಜ್ಞೆ ಕೊಟ್ಟರು. ಖರ್ಚು ವಿಪರೀತ ಎಂದು ಮೇಲ್ವಿಚಾರಕ ಹಿಂದೆ ಮುಂದೆ ನೋಡಿದಾಗ, ಪಿಕ್ಕಾಸಿನ ಒಂದೊಂದು ಪೆಟ್ಟಿಗೆ ಒಂದೊಂದು ದೀನಾರ್ ಬಿದ್ದರೂ ಕೆಲಸ ನಿಲ್ಲಬಾರದು ಎಂದರಂತೆ. ಹಳೆಯ ಇತಿಹಾಸಕಾರರು ಈ ಕೆಲಸಕ್ಕೆ 17 ಲಕ್ಷ ದೀನಾರ್ ತಗಲಿತೆಂಬ ಲೆಕ್ಕ ಕೊಡುತ್ತಾರೆ. ಇದಲ್ಲದೆ ಕೂಫಾದಿಂದ ಮಕ್ಕಾದವರೆಗಿನ ಮರುಭೂಮಿ ದಾರಿಯುದ್ದಕ್ಕೂ ಬಾವಿ, ಕೆರೆ, ತಂಗುದಾಣಗಳನ್ನು ಮಾಡಿಸಿದರು. ಆ ದಾರಿಗೆ ಇಂದಿಗೂ 'ದರ್ಬು ಝುಬೈದಾ' ಎಂದೇ ಹೆಸರು.

ಮಗನ ಕೊಲೆಯನ್ನು ಕಂಡ ಆ ತಾಯಿ 831ರಲ್ಲಿ ಬಗ್ದಾದಿನಲ್ಲಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಅಜ್ಜನ ಅರಮನೆ ಹಾಳು ಬಿದ್ದಿತ್ತು.

1184ರಲ್ಲಿ ಸ್ಪೇನಿನ ಅಂದಲುಸ್‌ನಿಂದ ಬಂದ ಇಬ್ನ್ ಜುಬೈರ್ ಎಂಬ ಪ್ರವಾಸಿ ಹಜ್ ಮುಗಿಸಿ ಇರಾಕಿನ ಕಾಫಿಲಾ ಜೊತೆ ಈ ದಾರಿಯಲ್ಲಿ ನಡೆದರು. ದಾರಿಯ ಕೆರೆ ಬಾವಿಗಳೆಲ್ಲ ಝುಬೈದಾ ಅವರ ಗುರುತು, ಅವರ ಈ ಕೆಲಸ ಇಲ್ಲದಿದ್ದರೆ ಈ ದಾರಿಯಲ್ಲಿ ಯಾರೂ ಸಾಗಲಾಗುತ್ತಿರಲಿಲ್ಲ ಎಂದು ಬರೆದಿಟ್ಟರು. ಝುಬೈದಾ ತೀರಿಕೊಂಡು ಆಗ 353 ವರ್ಷ ಕಳೆದಿತ್ತು. ಅದೇ ಪ್ರಯಾಣದಲ್ಲಿ ಬಗ್ದಾದ್ ತಲುಪಿದ ಇಬ್ನ್ ಜುಬೈರ್ ದಜ್ಲಾ ದಡದ ಆಸ್ಪತ್ರೆಯನ್ನೂ ಕಂಡರು. ವೈದ್ಯರು ಪ್ರತಿ ಸೋಮವಾರ ಮತ್ತು ಗುರುವಾರ ಬಂದು ರೋಗಿಗಳನ್ನು ನೋಡುತ್ತಾರೆಂದು ಬರೆದರು. ಒಬ್ಬ ಅರಸ ಅಮರತ್ವದ ಹೆಸರಿಟ್ಟ ಜಾಗದಲ್ಲಿ ರೋಗಿಗಳಿಗೆ ಮದ್ದು ಸಿಗುತ್ತಿತ್ತು.

ಕಾಲುವೆ ತಾನಾಗಿ ಉಳಿಯಲಿಲ್ಲ. ನೆರೆ ಬಂದಾಗ ಒಡೆಯಿತು, ಹೂಳು ತುಂಬಿತು, ಎಷ್ಟೋ ಸಲ ಬತ್ತಿತು. ಒಬ್ಬರ ನಂತರ ಒಬ್ಬರು ದುರಸ್ತಿ ಮಾಡಿಸಿದರು. 16ನೇ ಶತಮಾನದಲ್ಲಿ ಉಸ್ಮಾನಿ ಸುಲ್ತಾನ್ ಸುಲೈಮಾನರ ಮಗಳು ಮಿಹ್ರಿಮಾ ದೊಡ್ಡ ಮೊತ್ತ ಕೊಟ್ಟು ಅದನ್ನು ಸರಿಪಡಿಸಿದರು. 20ನೇ ಶತಮಾನದವರೆಗೂ ಮಕ್ಕಾದ ಜನ, ಹಾಜಿಗಳು ಆ ನೀರು ಕುಡಿದರು. ಹಡಗಿನಲ್ಲಿ ಹಜ್‌ಗೆ ಹೋಗುತ್ತಿದ್ದ ಕಾಲದ ನಮ್ಮ ಕರಾವಳಿಯ ಹಿರಿಯರೂ ಆ ಹಾಜಿಗಳಲ್ಲಿ ಇದ್ದವರೇ.

ಉಳಿಯುವುದು ಯಾವುದು?

ಮನುಷ್ಯ ತೀರಿಕೊಂಡಾಗ ಅವನ ಕರ್ಮಗಳು ನಿಲ್ಲುತ್ತವೆ, ಮೂರು ಮಾತ್ರ ನಿಲ್ಲುವುದಿಲ್ಲ ಎಂಬ ಹದೀಸನ್ನು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ಹರಿಯುತ್ತಲೇ ಇರುವ ದಾನ, ಪ್ರಯೋಜನ ಕೊಡುವ ವಿದ್ಯೆ, ದುಆ ಮಾಡುವ ಒಳ್ಳೆಯ ಮಕ್ಕಳು. ಇದು ಅಮರತ್ವದ ಆಸೆಗೆ ಇಸ್ಲಾಮ್ ತೋರಿಸಿದ ದಾರಿ. ಖೈಬರಿನಲ್ಲಿ ಸಿಕ್ಕ ಒಳ್ಳೆಯ ಭೂಮಿಯನ್ನು ಏನು ಮಾಡಲಿ ಎಂದು ಉಮರ್(ರ) ಕೇಳಿದಾಗ, ಭೂಮಿಯನ್ನು ಹಾಗೇ ಹಿಡಿದಿಟ್ಟು ಫಲವನ್ನು ದಾನ ಮಾಡುವಂತೆ ಪ್ರವಾದಿ(ಸ) ಸಲಹೆ ಕೊಟ್ಟರು. ಅದನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರಿಗೆ ಹಂಚುವಂತಿಲ್ಲ. ವಕ್ಫ್ ಎಂಬ ವ್ಯವಸ್ಥೆ ಬೆಳೆದದ್ದು ಹೀಗೆ. ಒಡೆಯ ಸಾಯುತ್ತಾನೆ, ಒಡೆತನವನ್ನು ಅಲ್ಲಾಹನಿಗೆ ಒಪ್ಪಿಸಿದ್ದರಿಂದ ಫಲ ಮಾತ್ರ ಸಾಯುವುದಿಲ್ಲ. ರಕ್ತದ ಚಲನೆಯ ಬಗ್ಗೆ ಹೊಸ ವಿಷಯ ಬರೆದ ವೈದ್ಯ ಇಬ್ನುನ್ನಫೀಸ್ 1288ರಲ್ಲಿ ಕೈರೋದಲ್ಲಿ ತೀರಿಕೊಳ್ಳುವಾಗ ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಅಲ್ಲಿನ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದರು.

ಆದರೆ ಇಲ್ಲೂ ಒಂದು ಅಪಾಯವಿದೆ. ಸೂರಃ ಹುಮಝಃ ಹೇಳುವ ಮನುಷ್ಯನಿಗೆ ತನ್ನ ಸಂಪತ್ತೇ ತನ್ನನ್ನು ಶಾಶ್ವತಗೊಳಿಸುತ್ತದೆ ಎಂಬ ಭ್ರಮೆ. ದಾನದ ಫಲಕಕ್ಕೂ ಆ ಭ್ರಮೆ ಅಂಟಬಹುದು. ಹೊಸದಕ್ಕೆ ಹೆಸರು ಹಾಕಿಸಲು ನಮ್ಮಲ್ಲಿ ಜನ ಸಿಗುತ್ತಾರೆ. ಹೊಸ ಗೇಟಿಗೆ, ಹೊಸ ಮಿನಾರಕ್ಕೆ, ಹೊಸ ಎಸಿಗೆ ವಂತಿಗೆ ಬೇಗ ಕೂಡುತ್ತದೆ. ಯಾರೋ ಹಿಂದೆ ವಕ್ಫ್ ಮಾಡಿದ ಬಾವಿಯ ಹೂಳೆತ್ತಲು, ಯಾರೋ ಕೊಟ್ಟ ತೋಟದ ಗಡಿ ಅಳತೆ ಮಾಡಿಸಿ ದಾಖಲೆ ಸರಿಪಡಿಸಲು, ಗೆದ್ದಲು ಹಿಡಿದ ಕಿತಾಬುಗಳಿಗೆ ಹೊಸ ಹೊದಿಕೆ ಹಾಕಿಸಲು ಕೈ ಮುಂದೆ ಬರುವುದಿಲ್ಲ, ಏಕೆಂದರೆ ಅದರ ಮೇಲೆ ಬೇರೆಯವರ ಹೆಸರಿದೆ. ಮಿಹ್ರಿಮಾ ಸರಿಪಡಿಸಿದ ಕಾಲುವೆಗೂ ಜನ ಝುಬೈದಾ ಅವರ ಕಾಲುವೆ ಎಂದೇ ಹೇಳುತ್ತಾ ಬಂದರು. ಮಿಹ್ರಿಮಾ ಕೊಟ್ಟ ದಾನಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಇಲ್ಲಿ ಉಳಿಯಬೇಕೆಂಬ ಆಸೆ ತಪ್ಪಲ್ಲ ಮೋನೇ, ಆ ಆಸೆಯನ್ನು ನಮ್ಮೊಳಗೆ ಇಟ್ಟದ್ದು ಅಲ್ಲಾಹನೇ. ಇಬ್ಲೀಸ್ ತೋರಿಸಿದ ಮರದಲ್ಲಿ ಅದು ಸಿಗುವುದಿಲ್ಲ, ಅಷ್ಟೇ. ಫ್ಯಾನಿನ ಮೇಲೆ ಹೆಸರು ಬರೆಸಿದವರ ಮನಸ್ಸಿನಲ್ಲಿ ಏನಿತ್ತೋ ಅವನಿಗೇ ಗೊತ್ತು. ಬೆವರಿ ಬಂದವನಿಗೆ ಅದರ ಗಾಳಿ ಬೇಕು.

ಅವನು ಸ್ವಲ್ಪ ಹೊತ್ತು ಮೇಲೆ ನೋಡಿದ. ಆಮೇಲೆ, "ಅದು ಕಿರ್ ಕಿರ್ ಅಂತ ಸದ್ದು ಮಾಡ್ತದೆ. ಎಣ್ಣೆ ಹಾಕ್ಬೇಕು" ಎಂದ.

ಮುಂದಿನ ಶುಕ್ರವಾರ ನಾವಿಬ್ಬರೂ ಏಣಿ ತಂದು ಹಾಕಿದೆವು. ಒರೆಸುವಾಗ ಧೂಳಿನ ಜೊತೆ ಹೆಸರಿನ ಎರಡು ಅಕ್ಷರವೂ ಹೋಯಿತು.